ಸಮುದಾಯ ಆರೋಗ್ಯ ಕಾರ್ಯಕ್ರಮ: ಯೋಜನೆಯ ಜೊತೆಯಲ್ಲೇ ಮೌಲ್ಯಮಾಪನ ಕಲಿಯುವುದು ಹೇಗೆ?

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ, ಅಂದರೆ ಎಂ.ಪಿ.ಎಚ್.ಗೆ, ವೈದ್ಯರು, ಶುಶ್ರೂಷಕರು, ಸಮಾಜಕಾರ್ಯ ಓದಿದವರು, ಸಂಖ್ಯಾಶಾಸ್ತ್ರದವರು ಹೀಗೆ ನಾನಾ ಹಿನ್ನೆಲೆಯವರು ಸೇರುತ್ತಾರೆ. ಜನರಲ್ಲಿ ರೋಗ ಹರಡುವ ಬಗೆಯನ್ನು ಅಧ್ಯಯನ ಮಾಡುವ ಎಪಿಡೆಮಿಯಾಲಜಿ, ಜೈವಿಕ ಸಂಖ್ಯಾಶಾಸ್ತ್ರಗಳ ಜೊತೆಗೆ ಅವರು ಕಾರ್ಯಕ್ರಮಗಳ ಯೋಜನೆ ಮತ್ತು ಮೌಲ್ಯಮಾಪನವನ್ನೂ ಕಲಿಯುತ್ತಾರೆ. ಪಠ್ಯದಲ್ಲಿ ಯೋಜನೆ ಮೊದಲಿಗೂ ಮೌಲ್ಯಮಾಪನ ಕೊನೆಗೂ ಬರುವುದರಿಂದ, ಕೆಲಸವೂ ಅದೇ ಕ್ರಮದಲ್ಲಿ ನಡೆಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆದರೆ ಕಾರ್ಯಕ್ರಮ ಮುಗಿಯುವಾಗ ಮೌಲ್ಯಮಾಪನದ ಮಾತೆತ್ತುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆರಂಭದ ಸ್ಥಿತಿಯನ್ನು ಅಳೆದಿಡದಿದ್ದರೆ ಅದನ್ನು ಆಮೇಲೆ ಯಾರೂ ತಂದುಕೊಡಲಾರರು.

ಕಲಿಕೆಗೆ ಒಂದೇ ಸಮಸ್ಯೆಯನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಹಿಡಿದು ಸಾಗುವುದು ಒಳ್ಳೆಯದು. ಇಲ್ಲಿ ಗರ್ಭಿಣಿಯರ ರಕ್ತಹೀನತೆಯನ್ನು ತೆಗೆದುಕೊಳ್ಳೋಣ. ಮೊದಲ ಹೆಜ್ಜೆ ಅಗತ್ಯಗಳ ಸಮೀಕ್ಷೆ: ಸಮಸ್ಯೆ ಯಾರಿಗಿದೆ, ಎಷ್ಟಿದೆ, ಜನರು ಅದನ್ನು ಸಮಸ್ಯೆಯೆಂದು ಕಾಣುತ್ತಾರೆಯೇ ಎಂಬುದನ್ನು ತಿಳಿಯಬೇಕು. ಅಳತೆಯ ವ್ಯಾಖ್ಯೆಯನ್ನೂ ಆಗಲೇ ಬರೆದಿಡಬೇಕು. ಮೊದಲ ಮತ್ತು ಕೊನೆಯ ತ್ರೈಮಾಸಿಕಗಳಲ್ಲಿ ಹಿಮೊಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ, ನಡುವಿನ ತ್ರೈಮಾಸಿಕದಲ್ಲಿ 10.5 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಪರಿಗಣಿಸುವುದುಂಟು. ಆರಂಭದ ಸಮೀಕ್ಷೆಗೆ ಒಂದು ಮಟ್ಟ, ಕೊನೆಯದಕ್ಕೆ ಇನ್ನೊಂದು ಮಟ್ಟ ಬಳಸಿದರೆ, ಯಾರ ಆರೋಗ್ಯವೂ ಸುಧಾರಿಸದೆ ಅಂಕಿಅಂಶ ಮಾತ್ರ ಸುಧಾರಿಸಿಬಿಡಬಹುದು.

ಎರಡನೆಯ ಹೆಜ್ಜೆ ಕಾರಣಗಳ ವಿಂಗಡಣೆ. ಆರೋಗ್ಯ ಶಿಕ್ಷಣ ತಜ್ಞ ಲಾರೆನ್ಸ್ ಗ್ರೀನ್ 1974ರಲ್ಲಿ ಮುಂದಿಟ್ಟ ಪ್ರಿಸೀಡ್ ಎಂಬ ಯೋಜನಾ ಮಾದರಿ ಇಲ್ಲಿ ಇಂದಿಗೂ ಉಪಯುಕ್ತ. ಜಾರಿ ಮತ್ತು ಮೌಲ್ಯಮಾಪನಕ್ಕೆ ಸಂಬಂಧಿಸಿದ ಪ್ರೊಸೀಡ್ ಎಂಬ ಭಾಗ ಅದಕ್ಕೆ ಸೇರಿದ್ದು 1991ರಲ್ಲಿ. ಬಯಸಿದ ಫಲಿತಾಂಶದಿಂದ ಹಿಂದಕ್ಕೆ ಹೆಜ್ಜೆಯಿಡುತ್ತ ಕಾರಣಗಳನ್ನು ಹುಡುಕುವುದು ಪ್ರಿಸೀಡ್ ಮಾದರಿಯ ಕ್ರಮ. ಕಬ್ಬಿಣಾಂಶದ ಮಾತ್ರೆಯ ಬಗ್ಗೆ ಮಹಿಳೆಗೆ ಏನು ತಿಳಿದಿದೆ ಎಂಬುದು ಒಂದು ಬಗೆಯ ಕಾರಣ, ಮಾತ್ರೆ ಕೈಗೆ ಸಿಗುತ್ತದೆಯೇ ಎಂಬುದು ಎರಡನೆಯದು, ನುಂಗಲು ಆರಂಭಿಸಿದ ಮೇಲೆ ಮನೆಯವರು ಉತ್ತೇಜಿಸುತ್ತಾರೋ ಬೇಡವೆನ್ನುತ್ತಾರೋ ಎಂಬುದು ಮೂರನೆಯದು. ಮಾತ್ರೆಯಿಂದ ಮಲ ಕಪ್ಪಾಗುತ್ತದೆಂದು ಯಾರೂ ಮೊದಲೇ ಹೇಳದಿದ್ದರೆ, ಅದನ್ನು ಕಂಡು ಗಾಬರಿಯಾದವಳು ನಾಲ್ಕನೆಯ ದಿನವೇ ಮಾತ್ರೆ ನಿಲ್ಲಿಸಬಹುದು. ಇಂಥ ಕಡೆ ಇನ್ನಷ್ಟು ಮಾತ್ರೆ ಸರಬರಾಜು ಮಾಡುವುದು ಮದ್ದಲ್ಲ.

ಮೂರನೆಯ ಹೆಜ್ಜೆಯಾದ ಗುರಿಯ ಬರವಣಿಗೆ ಸುಲಭವೆಂದು ಕಾಣುತ್ತದೆ, ಅಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ‘ಜಾಗೃತಿ ಮೂಡಿಸುವುದು’ ಎಂಬುದನ್ನು ಗುರಿಯೆನ್ನಲಾಗದು. ಯಾರಲ್ಲಿ, ಯಾವ ಬದಲಾವಣೆ, ಎಷ್ಟರಿಂದ ಎಷ್ಟಕ್ಕೆ, ಯಾವ ಅವಧಿಯೊಳಗೆ ಎಂಬ ನಾಲ್ಕೂ ಒಂದೇ ವಾಕ್ಯದಲ್ಲಿರಬೇಕು.

ನಾಲ್ಕನೆಯ ಹೆಜ್ಜೆ ಲಾಜಿಕ್ ಮಾಡೆಲ್. ಹಣ ಮತ್ತು ಸಿಬ್ಬಂದಿ, ಅವರು ಮಾಡುವ ಚಟುವಟಿಕೆ, ಅದರಿಂದ ನೇರವಾಗಿ ದೊರೆಯುವ ಉತ್ಪನ್ನ, ಕೊನೆಗೆ ಜನರಲ್ಲಾಗುವ ಬದಲಾವಣೆ, ಇವುಗಳನ್ನು ಬಾಣಗುರುತಿನಿಂದ ಜೋಡಿಸಿದ ಚಿತ್ರವಿದು. ಚೌಕಗಳನ್ನು ತುಂಬುವುದು ದೊಡ್ಡ ಕೆಲಸವಲ್ಲ. ಪ್ರತಿಯೊಂದು ಬಾಣವನ್ನೂ ‘ಇದು ನಿಜವೇ?’ ಎಂದು ಪ್ರಶ್ನಿಸುವುದರಲ್ಲಿಯೇ ತರಬೇತಿಯ ಸತ್ವವಿದೆ. ಹಂಚಿದ ಮಾತ್ರೆ, ತಲುಪಿದ ಮಾತ್ರೆ, ನುಂಗಿದ ಮಾತ್ರೆ ಇವು ಮೂರು ಬೇರೆ ಬೇರೆ ಸಂಖ್ಯೆಗಳು. ಮೊದಲನೆಯದು ದಾಸ್ತಾನು ಪುಸ್ತಕದಲ್ಲಿ ಸಿಗುತ್ತದೆ, ಮೂರನೆಯದಕ್ಕೆ ಮನೆಗೆ ಹೋಗಿ ಸ್ಟ್ರಿಪ್‌ನಲ್ಲಿ ಉಳಿದಿರುವ ಮಾತ್ರೆಗಳನ್ನು ಎಣಿಸಬೇಕು. ಛೇದದ ಮೇಲೂ, ಅಂದರೆ ಶೇಕಡಾವಾರು ಲೆಕ್ಕ ಯಾವ ಒಟ್ಟು ಸಂಖ್ಯೆಯ ಮೇಲೆ ನಿಂತಿದೆ ಎಂಬುದರ ಮೇಲೂ ಕಣ್ಣಿಡಬೇಕು: ನೋಂದಾಯಿತ ಗರ್ಭಿಣಿಯರಲ್ಲಿ ಶೇ 90ರಷ್ಟು ಮಂದಿಗೆ ಮಾತ್ರೆ ತಲುಪಿದೆ ಎಂಬ ವರದಿಯಲ್ಲಿ, ನೋಂದಣಿಯೇ ಆಗದವರ ಸುಳಿವೂ ಇರುವುದಿಲ್ಲ.

ಐದನೆಯ ಹೆಜ್ಜೆ ಹೋಲಿಕೆ. ನಮ್ಮ ಪ್ರದೇಶದಲ್ಲಿ ರಕ್ತಹೀನತೆ ಶೇ 52ರಿಂದ 40ಕ್ಕೆ ಇಳಿಯಿತು ಎನ್ನಿ. ಕಾರ್ಯಕ್ರಮವಿಲ್ಲದ, ಉಳಿದಂತೆ ಇದನ್ನೇ ಹೋಲುವ ಪ್ರದೇಶದಲ್ಲಿ ಅದು ಶೇ 50ರಿಂದ 45ಕ್ಕೆ ಇಳಿದಿದ್ದರೆ, ನಾವು ನಮ್ಮದೆಂದು ಹೇಳಿಕೊಳ್ಳಬಹುದಾದ ಇಳಿಕೆ 12 ಶೇಕಡಾ ಅಂಶಗಳಲ್ಲ, 7 ಮಾತ್ರ. ಅದೂ ಕಾರ್ಯಕ್ರಮ ನಡೆಯದೇ ಇದ್ದಿದ್ದರೆ ಎರಡೂ ಕಡೆಯ ಸ್ಥಿತಿ ಒಂದೇ ಗತಿಯಲ್ಲಿ ಬದಲಾಗುತ್ತಿತ್ತು ಎಂದು ನಂಬಲು ಆಧಾರವಿದ್ದರೆ. ಹೋಲಿಕೆಯ ಪ್ರದೇಶ ಕೂಡ ಸದಾ ಸುಮ್ಮನಿರುವುದಿಲ್ಲ. ಫಿನ್ಲೆಂಡಿನ ಉತ್ತರ ಕರೇಲಿಯಾದಲ್ಲಿ 1972ರಲ್ಲಿ ಆರಂಭವಾದ ಹೃದ್ರೋಗ ತಡೆ ಯೋಜನೆಗೆ ನೆರೆಯ ಕುವೋಪಿಯೋ ಪ್ರಾಂತ್ಯವನ್ನು ಹೋಲಿಕೆಗೆ ಇಟ್ಟುಕೊಳ್ಳಲಾಗಿತ್ತು. ವರ್ಷಗಳು ಕಳೆದಂತೆ ಹೃದ್ರೋಗದ ಸಾವು ಅಲ್ಲಿಯೂ ಇಡೀ ದೇಶದಲ್ಲಿಯೂ ಇಳಿಯಿತು. ಜನರ ಪಾಲಿಗೆ ಶುಭ ಸುದ್ದಿಯಾದ ಅದೇ ಇಳಿಕೆ, ಯೋಜನೆಯ ಪಾಲೆಷ್ಟು ಎಂದು ಲೆಕ್ಕಹಾಕುವವರಿಗೆ ತಲೆನೋವಾಯಿತು.

ಫಲ ಕಾಣದಿದ್ದಾಗ ಏನು ಬರೆಯಬೇಕು? ಯೋಜಿಸಿದಂತೆ ಕೆಲಸವೇ ನಡೆಯಲಿಲ್ಲವೋ, ನಡೆದರೂ ಅದರ ಹಿಂದಿನ ಊಹೆಯೇ ತಪ್ಪಾಗಿತ್ತೋ ಎಂಬುದನ್ನು ಪ್ರತ್ಯೇಕಿಸಬೇಕು. ಮೊದಲನೆಯದಾದರೆ ಮೇಲ್ವಿಚಾರಣೆ ಸರಿಪಡಿಸಬೇಕು, ಎರಡನೆಯದಾದರೆ ಕಾರ್ಯಕ್ರಮವನ್ನೇ ಬದಲಿಸಬೇಕು. ಮನೆಭೇಟಿ, ತರಬೇತಿ, ಸರಬರಾಜುಗಳ ದಾಖಲೆಯನ್ನು ಮೊದಲ ತಿಂಗಳಿನಿಂದಲೇ ಇಟ್ಟವರಿಗೆ ಮಾತ್ರ ಈ ವ್ಯತ್ಯಾಸ ಹೇಳಲು ಸಾಧ್ಯ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1999ರಲ್ಲಿ ಪ್ರಕಟಿಸಿದ ಆರು ಹಂತಗಳ ಚೌಕಟ್ಟಿನಲ್ಲಿ ಮೊದಲನೆಯದು ಸಂಬಂಧಪಟ್ಟವರನ್ನು ಜೊತೆಗೂಡಿಸಿಕೊಳ್ಳುವುದು, ಕೊನೆಯದು ಕಂಡುಕೊಂಡದ್ದು ಬಳಕೆಯಾಗುವಂತೆ ನೋಡಿಕೊಳ್ಳುವುದು. ಆದ್ದರಿಂದ ಕ್ಷೇತ್ರಕಾರ್ಯದ ವರದಿಗೆ ದಿನ ಗೊತ್ತುಪಡಿಸುವ ಮುನ್ನ ಮುಂದಿನ ವರ್ಷದ ಆಯವ್ಯಯ ಯಾವಾಗ ತೀರ್ಮಾನವಾಗುತ್ತದೆ ಎಂದು ವಿಚಾರಿಸಿ, ಅದಕ್ಕೆ ಒಂದು ತಿಂಗಳಾದರೂ ಮೊದಲು ಎರಡು ಪುಟಗಳ ಸಾರಾಂಶವನ್ನು ತಲುಪಿಸಬೇಕು. ಕೋಷ್ಟಕಗಳು ಅನುಬಂಧದಲ್ಲಿರಲಿ.