ಮುರಕಲ್ಲಿನ ಗೋಡೆಯ ಮನೆಗೆ ನೆಟ್‌ವರ್ಕ್: ನನ್ನ ಅನುಭವ

ಉಡುಪಿಯ ಅಂಬಲಪಾಡಿಯಲ್ಲಿರುವ ನಮ್ಮ ಮನೆಯ ಮುಂಭಾಗ ಹಂಚಿನ ಮಾಡಿನದು, ಗೋಡೆಗಳು ಒಂದೂವರೆ ಅಡಿ ದಪ್ಪದ ಮುರಕಲ್ಲಿನವು. ಹಿಂಭಾಗದಲ್ಲಿ ಆಮೇಲೆ ಸೇರಿಸಿದ ಎರಡು ತಾರಸಿ ಕೋಣೆಗಳಿವೆ. ಫೈಬರ್ ಸಂಪರ್ಕದ ಪೆಟ್ಟಿಗೆ ಚಾವಡಿಯಲ್ಲಿದೆ. ನನ್ನ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಮತ್ತು ಅಣ್ಣನ ಮಗನ ಎರಡು ಪ್ಲೇಸ್ಟೇಷನ್‌ಗಳು ಇರುವುದು ಕೊನೆಯ ಕೋಣೆಯಲ್ಲಿ. ಸಂಜೆಯಾದರೆ ಸಾಕು, “ಚಿಕ್ಕಪ್ಪ, ಪುನಃ ಕಟ್ಟಾಯಿತು” ಎಂಬ ದೂರು ಬರುತ್ತಿತ್ತು. ಗೋಡೆ ನೀರು ಕುಡಿದು ತೇವವಾಗುವ ಆಷಾಢದಲ್ಲಿ ಇದು ಇನ್ನೂ ಹೆಚ್ಚು.

ಎಂಟು ಸಾವಿರ ರೂಪಾಯಿಯ ರೂಟರ್ ಒಂದನ್ನು ಕೊಳ್ಳಲು ಹೊರಟಿದ್ದವನು, ಅದಕ್ಕೆ ಮೊದಲು ಕೊನೆಯ ಕೋಣೆಯಲ್ಲಿ ಕುಳಿತು ಲ್ಯಾಪ್‌ಟಾಪಿನಿಂದ ಚಾವಡಿಯ ಪೆಟ್ಟಿಗೆಯ ವಿಳಾಸಕ್ಕೇ, ಎಂದರೆ 192.168.1.1ಕ್ಕೆ, ಪಿಂಗ್, ಎಂದರೆ ಉತ್ತರ ಎಷ್ಟು ಬೇಗ ಬರುತ್ತದೆಂದು ಅಳೆಯುವ ಸಣ್ಣ ಸಂದೇಶ, ಕೊಟ್ಟು ನೋಡಿದೆ. ಉತ್ತರ ಒಮ್ಮೆ 6 ಮಿಲಿಸೆಕೆಂಡಿನಲ್ಲಿ ಬಂದರೆ ಮರುಕ್ಷಣ 200 ದಾಟುತ್ತಿತ್ತು, ನಡುವೆ ಕೆಲವು ಬರುತ್ತಲೇ ಇರಲಿಲ್ಲ. ಸಂಕೇತ ಇನ್ನೂ ಮನೆಯ ಹೊಸ್ತಿಲು ದಾಟುವ ಮೊದಲೇ ಸ್ಥಿತಿ ಹೀಗಿದ್ದರೆ, ಇಂಟರ್‌ನೆಟ್ ಕಂಪನಿಯನ್ನು ದೂರಿ ಪ್ರಯೋಜನವಿಲ್ಲ ಎಂಬುದು ಸ್ಪಷ್ಟವಾಯಿತು. ಗೆಳೆಯನಿಂದ ಉದ್ದದ ಕೇಬಲ್ ಒಂದನ್ನು ಕೇಳಿ ತಂದು, ಬಾಗಿಲುಗಳ ಸಂದಿಯಲ್ಲಿ ನೆಲದ ಮೇಲೆಯೇ ಹಾಸಿ ಅದೇ ಪರೀಕ್ಷೆ ಮಾಡಿದಾಗ ಪ್ರತಿ ಉತ್ತರವೂ 1 ಮಿಲಿಸೆಕೆಂಡಿನ ಒಳಗೆ ಬಂತು. ರೂಟರಿನ ಆಸೆ ಅಲ್ಲಿಗೆ ಬಿಟ್ಟೆ.

ರೂಟರ್ ಕೊಂಡಿದ್ದರೂ ಹಳೆಯ ಯಂತ್ರಕ್ಕೆ ಹೆಚ್ಚಿನ ಲಾಭವಾಗುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಅಣ್ಣ ದುಬೈಯಿಂದ ತಂದಿದ್ದ ಪ್ಲೇಸ್ಟೇಷನ್ 4, 2013ರಲ್ಲಿ ಬಿಡುಗಡೆಯಾದ ಮೊದಲ ಮಾದರಿಯದು. ಅದರ ವೈಫೈ ಕಡಿಮೆ ವೇಗದ 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹೆಚ್ಚು ವೇಗದ 5 ಗಿಗಾಹರ್ಟ್ಸ್ ಬಂದದ್ದು 2016ರ ತೆಳು ಮಾದರಿಯಲ್ಲಿ. ಹೊಸ ಪ್ಲೇಸ್ಟೇಷನ್ 5ರಲ್ಲಿ ವೈಫೈ 6 ಇದೆಯಾದರೂ, ಆವರ್ತನ ಹೆಚ್ಚಿದಷ್ಟೂ ಗೋಡೆ ದಾಟುವ ಶಕ್ತಿ ಕಡಿಮೆಯಾಗುವುದರಿಂದ, ಮೂರು ಮುರಕಲ್ಲಿನ ಗೋಡೆಗಳ ಆಚೆಗೆ ಆ ವೇಗ ತಲುಪುವುದಿಲ್ಲ. ಎರಡರಲ್ಲೂ ಗಿಗಾಬಿಟ್ ವೇಗದ, ಎಂದರೆ 1000 ಎಂಬಿಪಿಎಸ್‌ನ, ಕೇಬಲ್ ಚುಚ್ಚುವ ಲ್ಯಾನ್ ಪೋರ್ಟ್ ಮಾತ್ರ ಇದ್ದೇ ಇದೆ.

ಲ್ಯಾನ್ ಕೇಬಲ್‌ಗಳಲ್ಲಿ ಹಳೆಯ ದರ್ಜೆಯ ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ ಗಿಗಾಬಿಟ್ ವೇಗವನ್ನು ಸಾಗಿಸಬಲ್ಲದು. ಆದರೂ ಒಮ್ಮೆ ಪೈಪಿನೊಳಗೆ ಎಳೆದದ್ದನ್ನು ಮತ್ತೆ ಎಳೆಯುವ ಕಷ್ಟ ಬೇಡವೆಂದು ಅದಕ್ಕಿಂತ ಮೇಲಿನ ದರ್ಜೆಯ ಕ್ಯಾಟ್ 6 ಆರಿಸಿದೆ. ಅಂಗಡಿಯಲ್ಲಿ ಒಂದೇ ಬಣ್ಣದ ಎರಡು ಕೇಬಲ್‌ಗಳನ್ನು ತೋರಿಸಿದರು. ಒಂದರ ಬೆಲೆ ಇನ್ನೊಂದರ ಅರ್ಧದಷ್ಟೂ ಇರಲಿಲ್ಲ. ಜೊತೆಗೆ ಬಂದಿದ್ದ ವಯರಿಂಗ್‌ನವರು ಅಗ್ಗದ ಕೇಬಲಿನ ತುದಿ ಸುಲಿದು, ಒಂದು ತಂತಿಯನ್ನು ಬ್ಲೇಡಿನಿಂದ ಮೆಲ್ಲನೆ ಕೆರೆದರು. ಹೊರಗಿನ ಕೆಂಪು ಹೋಗಿ ಒಳಗೆ ಬೆಳ್ಳಗೆ ಹೊಳೆಯಿತು. “ಇದು ತಾಮ್ರ ಅಲ್ಲ ಮಾರಾಯ್ರೆ, ಅಲ್ಯೂಮಿನಿಯಂಗೆ ತಾಮ್ರದ ಲೇಪ” ಎಂದರು. ಇಂಥದು ಬಗ್ಗಿಸಿದರೆ ಬೇಗ ಮುರಿಯುತ್ತದೆ, ಪ್ರತಿರೋಧವೂ ಹೆಚ್ಚು. ಹಣ ಉಳಿಸಬಾರದ ಜಾಗ ಇದೊಂದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಶುದ್ಧ ತಾಮ್ರದ್ದನ್ನೇ ನಲವತ್ತು ಮೀಟರ್ ತಂದೆ.

ತುದಿಗಳಿಗೆ ಕನೆಕ್ಟರ್ ಹಾಕುವ ಕೆಲಸವನ್ನು ನಾನೇ ಮಾಡಿದೆ, ತಪ್ಪನ್ನೂ ಮಾಡಿದೆ. ಪ್ಲೇಸ್ಟೇಷನ್ 5 ಸಂಪರ್ಕವಾದರೂ ವೇಗ 100 ಎಂಬಿಪಿಎಸ್ ದಾಟಲಿಲ್ಲ, ಒಂದು ಕೇಬಲಿನ ಸಂಪರ್ಕವನ್ನು ಹಲವು ಯಂತ್ರಗಳಿಗೆ ಹಂಚುವ ಸಾಧನವಾದ ಸ್ವಿಚ್ಚಿನ ಆ ಪೋರ್ಟಿನಲ್ಲಿ ಹಸಿರಿನ ಬದಲು ಕಿತ್ತಳೆ ದೀಪ. ಗಿಗಾಬಿಟ್‌ಗೆ ನಾಲ್ಕು ಜೋಡಿ, ಅಂದರೆ ಎಂಟೂ ತಂತಿಗಳು ಬೇಕು. 100ಕ್ಕೆ ಎರಡು ಜೋಡಿ ಸಾಕು. ಕಂದು ಬಣ್ಣದ ತಂತಿಯೊಂದು ಕನೆಕ್ಟರಿನ ಕೊನೆಯವರೆಗೆ ತಲುಪದೆ ಅರ್ಧದಲ್ಲೇ ನಿಂತಿತ್ತು. ತುದಿ ಕತ್ತರಿಸಿ ಪುನಃ ಹಾಕಿದ ಮೇಲೆ ದೀಪ ಹಸಿರಾಯಿತು.

ಸ್ವಿಚ್ಚಿನ ಆಯ್ಕೆಯಲ್ಲಿ ಹೆಚ್ಚು ಯೋಚಿಸಲಿಲ್ಲ. ಎಂಟು ಪೋರ್ಟಿನ, ಫ್ಯಾನ್ ಇಲ್ಲದ, ಲೋಹದ ಹೊದಿಕೆಯ ಸಾಮಾನ್ಯ ಗಿಗಾಬಿಟ್ ಸ್ವಿಚ್ ಎರಡು ಸಾವಿರ ರೂಪಾಯಿಯ ಒಳಗೆ ಸಿಕ್ಕಿತು. ಐದು ಪೋರ್ಟಿನದು ಸಾಕೆಂದು ಅಂಗಡಿಯವರು ಹೇಳಿದ್ದರು. ನಾಲ್ಕು ಯಂತ್ರ ಮತ್ತು ಚಾವಡಿಯಿಂದ ಬರುವ ಒಂದು ಕೇಬಲ್ ಸೇರಿ ಐದೂ ಮೊದಲ ದಿನವೇ ತುಂಬುತ್ತಿದ್ದವು. ಸ್ವಿಚ್ಚಿನ ಪ್ರಯೋಜನ ಆಟಕ್ಕಿಂತ ಕಡತಗಳ ವರ್ಗಾವಣೆಯಲ್ಲಿ ಹೆಚ್ಚು ಕಾಣುತ್ತದೆ. ನಮ್ಮ 100 ಎಂಬಿಪಿಎಸ್ ಸಂಪರ್ಕದಲ್ಲಿ 60 ಜಿಬಿಯ ಆಟವೊಂದು ಇಳಿಯಲು ಸುಮಾರು 80 ನಿಮಿಷ ಬೇಕು. ಅದೇ ಆಟ ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದರೆ, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ 2023ರಲ್ಲಿ ತಂದ ಸ್ಥಳೀಯ ವರ್ಗಾವಣೆಯ ಸೌಲಭ್ಯದಿಂದ ಹತ್ತು ನಿಮಿಷದ ಆಸುಪಾಸಿನಲ್ಲಿ ಡೆಸ್ಕ್‌ಟಾಪಿಗೆ ಬಂದುಬಿಡುತ್ತದೆ.

ಫೋನುಗಳಿಗೆಂದು ಹಳೆಯ ರೂಟರನ್ನು ಹಿಂದಿನ ಕೋಣೆಯಲ್ಲಿಟ್ಟೆ. ಆ ಭರದಲ್ಲಿ ಪ್ಲೇಸ್ಟೇಷನ್‌ಗಳ ಕೇಬಲನ್ನೂ ಅದಕ್ಕೇ ಚುಚ್ಚಿದಾಗ ಪರದೆಯ ಮೇಲೆ ನ್ಯಾಟ್ ಟೈಪ್ 3, ಎಂದರೆ ಇತರ ಆಟಗಾರರೊಡನೆ ಸಂಪರ್ಕಕ್ಕೆ ತಡೆಯಿದೆ, ಎಂದು ಬಂತು, ಗೆಳೆಯರೊಡನೆ ಧ್ವನಿ ಸಂಭಾಷಣೆ ನಿಂತಿತು. ಚಾವಡಿಯ ಪೆಟ್ಟಿಗೆ ತಾನೇ ಒಂದು ರೂಟರ್; ಅದರ ಹಿಂದೆ ಇನ್ನೊಂದು ಬಂದದ್ದರಿಂದ ನ್ಯಾಟ್ ಎಂಬ ವಿಳಾಸ ಬದಲಾವಣೆ ಎರಡು ಸಲ ನಡೆಯುತ್ತಿತ್ತು. ಹಳೆಯದನ್ನು ವಿಳಾಸ ಬದಲಿಸದೆ ಸಂಪರ್ಕವನ್ನಷ್ಟೇ ಹಂಚುವ ಆಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಿಸಿ, ಆಟಕ್ಕೆ ಬೇಕಾದ ದಾರಿಯನ್ನು ತಾನೇ ತೆರೆದುಕೊಡುವ ಯುಪಿಎನ್‌ಪಿ ಸೌಲಭ್ಯವನ್ನು ಪೆಟ್ಟಿಗೆಯಲ್ಲಿ ಚಾಲೂ ಮಾಡಿದ ಮೇಲೆ, ತಡೆಯಿಲ್ಲದ ಟೈಪ್ 2 ಆಯಿತು.

ದೊಡ್ಡ ನಷ್ಟ ಆದದ್ದು ಮರುವರ್ಷದ ಮೇ ತಿಂಗಳಲ್ಲಿ. ಗೋಡೆ ಕೊರೆಯುವ ತಾಪತ್ರಯ ಬೇಡವೆಂದು ಕೇಬಲನ್ನು ಮಾಡಿನ ಅಂಚಿನ ಕೆಳಗೆ, ಮನೆಯ ಹೊರಗಿನಿಂದ ಎಳೆದಿದ್ದೆ. ಸಿಡಿಲು ಹೊಡೆದದ್ದು ಹಿತ್ತಿಲಿನ ತೆಂಗಿನ ಮರಕ್ಕೆ, ಮನೆಗಲ್ಲ. ಗುಡುಗು ಶುರುವಾದಾಗಲೇ ಎಲ್ಲ ಪ್ಲಗ್‌ಗಳನ್ನು ಕಿತ್ತಿದ್ದೆವು, ಆದರೆ ಲ್ಯಾನ್ ಕೇಬಲ್ ಕೀಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಉದ್ದದ ತಾಮ್ರದ ತಂತಿಯಲ್ಲಿ ಹುಟ್ಟಿದ ವಿದ್ಯುತ್ತು ಸ್ವಿಚ್ಚಿನ ಎರಡು ಪೋರ್ಟ್‌ಗಳನ್ನೂ ಡೆಸ್ಕ್‌ಟಾಪಿನ ಲ್ಯಾನ್ ಪೋರ್ಟನ್ನೂ ಸುಟ್ಟಿತು.

ಈಗ ಹೊರಗಿನ ಆ ದಾರಿಯಲ್ಲಿ ತಾಮ್ರವಿಲ್ಲ. ಎರಡು ತುದಿಗಳಲ್ಲಿ ವಿದ್ಯುತ್ ಸಂಕೇತವನ್ನು ಬೆಳಕಿಗೂ ಬೆಳಕನ್ನು ವಿದ್ಯುತ್ ಸಂಕೇತಕ್ಕೂ ಬದಲಿಸುವ ಒಂದೊಂದು ಗಿಗಾಬಿಟ್ ಮೀಡಿಯಾ ಕನ್ವರ್ಟರ್, ನಡುವೆ ಫೈಬರ್. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಕೊಳ್ಳುವಾಗ ಗಮನಿಸಬೇಕಾದ್ದೆಂದರೆ, ಕಂಬದಿಂದ ಮನೆಗೆ ಎಳೆಯುವ ಫೈಬರ್ ಕೇಬಲಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುವುದುಂಟು. ಅದಿಲ್ಲದ್ದನ್ನೇ ಕೇಳಿ ತೆಗೆದುಕೊಂಡೆ. ಕೋಣೆಯೊಳಗಿನ ಕೇಬಲ್‌ಗಳು ಮಾತ್ರ ತಾಮ್ರದವೇ. ಪವರ್ ಪ್ಲಗ್‌ಗಳ ಮೂಲಕ ಬರುವ ಅಪಾಯ ಹಾಗೆಯೇ ಇರುವುದರಿಂದ, ಮೋಡ ಕಟ್ಟಿದರೆ ಅವುಗಳನ್ನು ಈಗಲೂ ಕೀಳುತ್ತೇವೆ.