641 ಕೈಗೆ ಸಿಕ್ಕಿ ಜಾರಿದ ರಾತ್ರಿ

ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವನು. 4294967296 ನನಗೆ ಹಳೇ ಪರಿಚಯ. 2ರ 32ನೇ ಘಾತ ಅದು. ಕಂಪ್ಯೂಟರಿನ 32 ಬಿಟ್‌ಗಳಲ್ಲಿ (ಒಂದೊಂದೂ 0 ಅಥವಾ 1) ಹಿಡಿಸುವ ಬೇರೆ ಬೇರೆ ಬೆಲೆಗಳು ಒಟ್ಟು ಇಷ್ಟೇ. ಅದಕ್ಕೆ ಇನ್ನೊಂದು ಸೇರಿಸಿದರೆ 429 ಕೋಟಿ 49 ಲಕ್ಷ 67 ಸಾವಿರದ 297. ನಾನು ಒಡೆಯಲು, ಅಂದರೆ ಅಪವರ್ತನಗಳಾಗಿ ಬಿಡಿಸಲು, ಕೂತದ್ದು ಇದನ್ನು.

3, 5, 17, 257, 65537. ಒಂದು ಕಳೆದು, ವರ್ಗ ಮಾಡಿ, ಒಂದು ಸೇರಿಸಿದರೆ ಮುಂದಿನದು ಬರುತ್ತದೆ. ಐದೂ ಅವಿಭಾಜ್ಯ. ಹೀಗೇ ಮುಂದಿನವೂ ಅವಿಭಾಜ್ಯವೇ ಇರಬೇಕು ಅಂತ 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದ. ಆರನೆಯದೇ 4294967297. 1732ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಒಡೆದುಬಿಟ್ಟ.

ಒಂದು ರಾತ್ರಿ ಕರೆಂಟ್ ಹೋಗಿತ್ತು. ಮೊಬೈಲ್ ಪಕ್ಕಕ್ಕಿಟ್ಟು, ಮಗಳ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆಗಳಲ್ಲಿ ನಾನೂ ನೋಡೋಣ ಅಂತ ಶುರು ಮಾಡಿದೆ. ಸುಮ್ನೆ ಭಾಗಿಸುತ್ತಾ ಹೋದರೆ ವರ್ಗಮೂಲದವರೆಗೆ ನೋಡಬೇಕು; ಅಂದರೆ 65536ರ ಒಳಗೆ 6542 ಅವಿಭಾಜ್ಯಗಳಿವೆ, ಮುಗಿಯುವ ಮಾತಲ್ಲ. ಆಯ್ಲರ್ ದಾರಿ ಬೇರೆ. ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದರಿಂದ ಭಾಗಿಸುತ್ತಾ ಹೋದಾಗ 2ರ ಘಾತಗಳ ಶೇಷಗಳು ಸರಿಯಾಗಿ 64 ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. ಹಾಗಾಗಿ ಆ ಅವಿಭಾಜ್ಯದಲ್ಲಿ ಒಂದು ಕಳೆದರೆ ಉಳಿದದ್ದು 64ರ ಮಗ್ಗಿಯಲ್ಲಿ ಇರಲೇಬೇಕು. ತಮಾಷೆ ಅಂದ್ರೆ ಇದು ಹೊರಡುವುದು ಫರ್ಮಾನದೇ ಇನ್ನೊಂದು ಪ್ರಮೇಯದಿಂದ: ಅವಿಭಾಜ್ಯಕ್ಕಿಂತ ಒಂದು ಕಡಿಮೆ ಹೆಜ್ಜೆ ಹೋದರೆ ಈ ಶೇಷ ಮತ್ತೆ 1ಕ್ಕೆ ಬರುತ್ತದೆ ಅನ್ನುವುದು. ಅವನ ಪ್ರಮೇಯವೇ ಅವನ ಊಹೆಗೆ ಮುಳುವಾಯಿತು!

ಮೊದಲು ಸಿಗುವವು 193, 257, 449, 577, 641. ಹತ್ತಂಕಿಯ ಸಂಖ್ಯೆಯನ್ನು ನೇರವಾಗಿ ಭಾಗಿಸಬೇಕಾಗಿಲ್ಲ, 65536ರ ವರ್ಗಕ್ಕೆ ಒಂದು ಸೇರಿಸಿದರೆ ಅದೇ ತಾನೆ. 65536ನ್ನು ಭಾಗಿಸಿ, ಶೇಷವನ್ನು ವರ್ಗ ಮಾಡಿ, ಒಂದು ಸೇರಿಸಿ, ಮತ್ತೆ ಭಾಗಿಸಿದರೆ ಸಾಕು. 193ಕ್ಕೆ 109 ಉಳಿಯಿತು. 257ಕ್ಕೆ 2. 449ಕ್ಕೆ 325, 577ಕ್ಕೆ 288. 641ಕ್ಕೆ ಬಂದೆ. 65536ರಲ್ಲಿ 154 ಉಳಿಯಿತು. 154ರ ವರ್ಗ 23616 ಅಂತ ಬರೆದೆ. ಒಂದು ಸೇರಿಸಿ ಭಾಗಿಸಿದರೆ 541 ಉಳಿಯಿತು. ಇದೂ ಅಲ್ಲ ಅಂತ ಮುಂದೆ ಹೋದೆ.

ಉತ್ತರ 641 ಅಂತ ಎಲ್ಲೋ ಓದಿದ್ದೆ, ಆದರೆ ನೆನಪಿರಲಿಲ್ಲ. 769, 1153, 1217, 1409. ಒಂದೂ ಬೀಳಲಿಲ್ಲ. ಮೇಣದಬತ್ತಿ ಅರ್ಧ ಆಗಿತ್ತು. ಆಗ ಶಾಲೆಯಲ್ಲಿ ಕಲಿತ ಒಂಬತ್ತರ ತಾಳೆ ನೆನಪಾಯಿತು. 1, 5, 4 ಕೂಡಿದರೆ 10, ಅಂದರೆ 1. ಅದರ ವರ್ಗವೂ 1. 23616ರ ಅಂಕಿಗಳನ್ನು ಕೂಡಿದರೆ 18, ಅಂದರೆ 9. ತಾಳೆ ಆಗಲಿಲ್ಲ. ದಶಕ ಒಂದು ಬಿಟ್ಟಿದ್ದೆ, 23716 ಆಗಬೇಕಿತ್ತು. ಅದಕ್ಕೆ ಒಂದು ಸೇರಿಸಿದರೆ 23717, ಅಂದರೆ 641 × 37. ಶೇಷ ಸೊನ್ನೆ.

ಇನ್ನೊಂದು ಅಪವರ್ತನ 6700417. ಇದು ಇನ್ನೂ ಒಡೆಯುತ್ತದಾ? ಮುಂದೆ ಲ್ಯೂಕಾ ಎಂಬ ಗಣಿತಜ್ಞ 64ರ ಮಗ್ಗಿ ಅಲ್ಲ, 128ರದೇ ಸಾಕು ಅಂತ ತೋರಿಸಿದ್ದಾನೆ. ಅಂದರೆ ಇದರ ವರ್ಗಮೂಲ 2588ರವರೆಗೆ ನೋಡಬೇಕಾದ್ದು 641, 769, 1153, 1409 ನಾಲ್ಕೇ. 257 ಭಾಗಿಸುವುದಿಲ್ಲ ಅಂತ ಆಗಲೇ ಗೊತ್ತಾಗಿತ್ತು. ಮಾರನೇ ದಿನ ಬೆಳಕಿನಲ್ಲಿ ಕೂತು ಮಾಡಿದೆ. ಶೇಷ 44, 120, 334, 622. ಒಂದೂ ಸೊನ್ನೆ ಅಲ್ಲ, ಅಂದರೆ 6700417 ಇನ್ನು ಒಡೆಯುವುದಿಲ್ಲ. ಈ ಸಲ ಪ್ರತಿ ಸಾಲಿಗೂ ಒಂಬತ್ತರ ತಾಳೆ ನೋಡಿಕೊಂಡೆ.