ಕಾಸರಗೋಡಿನಿಂದ ಮಧ್ಯಕಾಲದ ಚರಿತ್ರೆಯ ಎಂಎಗೆ ಹೊರಟವರು ಮೊದಲು ಮಾಡಬೇಕಾದ್ದು

ಮೊದಲು ಲಿಪಿ ಕಲಿಯಿರಿ. ನಮ್ಮ ಜಿಲ್ಲೆಯಲ್ಲೇ ತಳಂಗರೆಯಲ್ಲಿ 10ನೇ ಶತಮಾನದ ಕನ್ನಡ ಶಾಸನ ಸಿಕ್ಕಿದೆ, ಕೊಡವಲದಲ್ಲಿ ಹಳೆ ಮಲಯಾಳ ಬರೆಯುತ್ತಿದ್ದ ವಟ್ಟೆಳುತ್ತು ಲಿಪಿಯದ್ದಿದೆ. ಹಾಗಾಗಿ ಹಳಗನ್ನಡದ ಜೊತೆ ಮಲಯಾಳವನ್ನೂ ಬಿಡಬೇಡಿ, ಎರಡೂ ಓದಬಲ್ಲವರು ಇಲ್ಲಿಗೆ ತುಂಬಾ ಬೇಕು.

ಕೋರ್ಸ್‌ಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಹತ್ತಿರ. ಸೇರುವ ಮೊದಲು ಸಿಲೆಬಸ್‌ನಲ್ಲಿ ಶಾಸನಶಾಸ್ತ್ರ ಇದೆಯಾ ನೋಡಿ.

ಪ್ರಬಂಧದ ವಿಷಯ ಮಾತ್ರ ಚಿಕ್ಕದಿರಲಿ. ವಿಜಯನಗರದ ಸಂಸ್ಕೃತಿ ಅಂತ ಸುಮ್ನೆ ದೊಡ್ಡದು ಹಿಡಿದರೆ ಹೊಸದೇನೂ ಸಿಗುವುದಿಲ್ಲ. ಅದರ ಬದಲು ಕರಾವಳಿ ಶಾಸನಗಳಲ್ಲಿ ದೇವಸ್ಥಾನಕ್ಕೆ ಬಿಟ್ಟ ಮುಡಿ (ಕರಾವಳಿಯ ಹಳೆ ಅಳತೆ) ಅಕ್ಕಿ, ಬಾರಕೂರು ಗದ್ಯಾಣ ಎಂಬ ನಾಣ್ಯಗಳ ಲೆಕ್ಕವನ್ನಷ್ಟೇ ಹಿಡಿದು ಕೂತರೂ ಗದ್ದೆ ಯಾರದ್ದು, ಅಳತೆ ಯಾವುದು, ತೆರಿಗೆ ಎಲ್ಲಿಗೆ ಹೋಯಿತು ಎಲ್ಲ ಬಿಚ್ಚಿಕೊಳ್ಳುತ್ತದೆ, ಅಲ್ವಾ? ಈ ಶಾಸನಗಳಲ್ಲಿ ಹಲವುಗಳ ಪಾಠ, ಶಾಸನಗಳನ್ನು ಅಚ್ಚು ಹಾಕಿದ ಸರಣಿಯಾದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 7ನೇ ಸಂಪುಟದಲ್ಲಿ ಸಿಗುತ್ತದೆ. ಅಚ್ಚಾದ ಪಾಠವನ್ನೇ ನಂಬಿ ಕೂರದೆ ಕಲ್ಲಿನ ಮುಂದೆ ನಿಂತು ಹೋಲಿಸಿ ಓದಿ.